ಸುಯ್ ಎನ್ನುವ ಸದ್ದು ಕ್ಯಾಸೆಟ್ಟಿನದೋ, ಆಂಪಿನದೋ? ಅಳತೆ ನಂಬಬೇಕಾ, ಕಿವಿ ನಂಬಬೇಕಾ?

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಜ್ಜ ಆಳಂದ ಕಡೆಯ ಹಳ್ಳಿಯಲ್ಲಿ ಭಜನಾ ಮಂಡಳಿ ನಡೆಸುತ್ತಿದ್ದರು. ತತ್ವಪದ ಹಾಡುತ್ತಿದ್ದರು. ಏಕತಾರಿ, ದಮ್ಮಡಿ, ತಾಳ, ಒಂದು ಹಳೆ ಹಾರ್ಮೋನಿಯಂ, ಅಷ್ಟೇ. ಅಜ್ಜ ಹೋಗಿ ಬಹಳ ವರ್ಷವಾಯಿತು. ಹೋದ ದೀಪಾವಳಿಗೆ ಮನೆ ಸುಣ್ಣ ಹಚ್ಚುವಾಗ ಟ್ರಂಕಿನಲ್ಲಿ 11 ಕ್ಯಾಸೆಟ್ ಸಿಕ್ಕವು. ಎಲ್ಲ ಮಂಡಳಿಯವೇ. ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ.

ರಾತ್ರಿ ಕೂತು ಕೇಳಿ ಸ್ವಚ್ಛ ಮಾಡೋಣ ಎಂದು ಒಂದು ಪೋರ್ಟಬಲ್ ಆಂಪ್ (ಇಯರ್‌ಫೋನಿಗೆ ಸದ್ದು ಜೋರು ಮಾಡಿ ಕೊಡುವ ಡಬ್ಬಿ) ಕೊಂಡೆ. ಸೆಕೆಂಡ್ ಹ್ಯಾಂಡ್. ಒಳಗೇ ಡ್ಯಾಕ್ (ಫೈಲಿನ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಚಿಪ್) ಇದೆ, ಬ್ಯಾಟರಿ ಇದೆ. ಕೊಳ್ಳುವ ಮೊದಲು ಅಳತೆ ನೋಡಿದ್ದೆ. ಸಿನ್ಯಾಡ್ 100 ಡೆಸಿಬಲ್ ಎಂದಿತ್ತು. ಅಂದರೆ ಗದ್ದಲ, ವಿಕೃತಿ ಎರಡೂ ಸೇರಿ ಹಾಡಿಗಿಂತ 100 ಡೆಸಿಬಲ್ ಕೆಳಗೆ. ಇದಕ್ಕಿಂತ ಏನು ಬೇಕು ಅನಿಸಿತು.

ಕೇಳಿದರೆ ಹಾಡಿನ ಹಿಂದೆ ಸುಯ್ ಎಂದು ಒಂದೇ ಸಮನೆ ಸದ್ದು. ಕ್ಯಾಸೆಟ್ ಅಲ್ವಾ, ಇರುತ್ತದೆ ಅಂದುಕೊಂಡೆ. ಪಾಸ್ ಒತ್ತಿದೆ, ಸದ್ದು ಪೂರ್ತಿ ನಿಂತಿತು. ಹಾಗಾದರೆ ಇದು ಟೇಪಿನದೇ ಎಂದು ಖಾತ್ರಿಯಾಯಿತು. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಫಿಲ್ಟರ್ ಹಾಕಿದೆ. 12 ಡೆಸಿಬಲ್ ಹಾಕಿದೆ, ಸುಯ್ ಹೋಗಲಿಲ್ಲ. 20 ಹಾಕಿದೆ. 30 ಹಾಕಿದೆ. ಹಾಗೇ 4 ಕ್ಯಾಸೆಟ್ ಮುಗಿಸಿದೆ.

ಮೊನ್ನೆ ಅತ್ತೆ ಬಂದಿದ್ದರು. ಕೇಳಿಸಿದೆ. ಎರಡು ಪದ ಕೇಳಿ ಇಯರ್‌ಫೋನ್ ತೆಗೆದರು. "ಅಪ್ಪ ಪದ ಮುಗಿಸಿ ಉಸುರು ಬಿಡ್ತಿದ್ದ, ಅದೆಲ್ಲಿ ಹೋಯ್ತೋ?" ಎಂದರು. ನಾನು ಮೂಲ ರೆಕಾರ್ಡಿಂಗ್ ಹಾಕಿ ನೋಡಿದೆ. ಉಸಿರು ಇತ್ತು. ಏಕತಾರಿಯ ತಂತಿ ಮೆಲ್ಲಗೆ ಕರಗುವುದೂ ಇತ್ತು. ನನ್ನ ಫಿಲ್ಟರ್ ಅದನ್ನೆಲ್ಲ ತಿಂದಿದೆ.

ಇನ್ನೊಂದು ವಿಷಯ. ಗೆಳೆಯನ ಹತ್ತಿರ ಸಾಧಾರಣ ಡಾಂಗಲ್ (ಫೋನಿಗೋ ಲ್ಯಾಪ್‌ಟಾಪಿಗೋ ಚುಚ್ಚಿ ಇಯರ್‌ಫೋನ್ ಹಾಕುವ ಪುಟ್ಟ ಡ್ಯಾಕ್, ಆಂಪ್) ಒಂದಿದೆ. ಅದರಲ್ಲಿ ಅದೇ ಫೈಲ್ ಹಾಕಿದರೆ ಸುಯ್ ಬಹಳ ಕಡಿಮೆ. ಟೇಪಿನ ಸದ್ದು ಆಂಪ್ ಬದಲಿಸಿದರೆ ಕಡಿಮೆ ಹೇಗಾಗುತ್ತದೆ? ಅಳತೆ ಒಂದು ಹೇಳುತ್ತದೆ, ಕಿವಿ ಇನ್ನೊಂದು. ನಾನು ಯಾವುದನ್ನು ನಂಬಲಿ?

ಕಿವಿಮಾತು, ಬೀದರ್

ಕಿವಿ ನಂಬಿ. ನಾನು 15 ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.

1970ರ ದಶಕದಲ್ಲಿ ಆಂಪ್ ಕಂಪನಿಗಳ ನಡುವೆ ಅಂಕಿಗಳ ಸ್ಪರ್ಧೆಯೇ ನಡೆದಿತ್ತು. ವಿಕೃತಿ 0.1 ಶೇಕಡ, 0.01 ಶೇಕಡ ಎಂದು ಹೋಗುತ್ತಲೇ ಇದ್ದರು. ಕೇಳಿದವರು ಮಾತ್ರ ಕೆಲವು ಆಂಪು ಒರಟು, ಕಿವಿ ದಣಿಯುತ್ತದೆ ಎನ್ನುತ್ತಿದ್ದರು. ಅವರಿಗೆ ಭ್ರಮೆ ಎಂದರು. ಆಮೇಲೆ ಗೊತ್ತಾಯಿತು, ಕೇಳಿದವರು ಹೇಳಿದ್ದು ಸರಿ. ನಿಮ್ಮ ಅತ್ತೆಯವರ ಕಿವಿ ಯಾವ ಯಂತ್ರಕ್ಕೂ ಕಡಿಮೆ ಇಲ್ಲ. ಅವರ ಅಪ್ಪನ ಉಸಿರು ಅವರಿಗೆ ಗೊತ್ತು.

ಓಮ್ ನಿಯಮ, ಕಲಬುರಗಿ

ಅತ್ತೆಯವರ ಮಾತು ನೂರಕ್ಕೆ ನೂರು ಸರಿ. ಆದರೆ ಬೀದರಿನ ಅಣ್ಣಾ, 70ರ ದಶಕದ ಕಥೆ ಅರ್ಧ ಹೇಳಿದಿರಿ.

ಆಗಿನ ಕೆಲವು ಟ್ರಾನ್ಸಿಸ್ಟರ್ ಆಂಪುಗಳಲ್ಲಿ ಕ್ರಾಸ್‌ಓವರ್ ವಿಕೃತಿ ಇತ್ತು. ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್ ಹೊರುತ್ತದೆ, ಕೆಳಗಿನ ಅರ್ಧವನ್ನು ಇನ್ನೊಂದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಸೊನ್ನೆಯ ಹತ್ತಿರ ಸಣ್ಣ ಎಡವು. ಆ ಎಡವಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ಪೂರ್ತಿ ಶಕ್ತಿಯಲ್ಲಿ ಅಳೆದರೆ ದೊಡ್ಡ ಅಲೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಅಲೆ ಸಣ್ಣದು, ಎಡವು ಅಷ್ಟೇ ಇದೆ. ಕಂಪನಿ ಅಳೆದದ್ದು ಪೂರ್ತಿ ಶಕ್ತಿಯಲ್ಲಿ. ಜನ ಕೇಳಿದ್ದು ಅರ್ಧ ವ್ಯಾಟಿನಲ್ಲಿ. ಕಡಿಮೆ ಶಕ್ತಿಯಲ್ಲಿ ಅಳೆದಿದ್ದರೆ ಮೀಟರೂ ಅದನ್ನೇ ತೋರಿಸುತ್ತಿತ್ತು.

ತೊಗರಿ ಹೊಲ ಅವರೇ, ಆ 100 ಡೆಸಿಬಲ್ ಎಷ್ಟು ವೋಲ್ಟಿನಲ್ಲಿ ಅಳೆದದ್ದು? ನಿಮ್ಮ ಇಯರ್‌ಫೋನ್ ಯಾವುದು, ಎಷ್ಟು ಓಮ್, ಎಷ್ಟು ಸೆನ್ಸಿಟಿವಿಟಿ, ಅಂದರೆ ಎಷ್ಟು ಶಕ್ತಿ ಕೊಟ್ಟರೆ ಎಷ್ಟು ಸದ್ದು?

ತೊಗರಿ ಹೊಲ, ಕಲಬುರಗಿ

2 ವೋಲ್ಟ್ ಎಂದು ಬರೆದಿದೆ. ಇಯರ್‌ಫೋನ್ ಕಿವಿಯೊಳಗೆ ಕೂರುವಂಥದ್ದು, ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯದು. 16 ಓಮ್, 1 ಮಿಲಿವ್ಯಾಟ್‌ಗೆ 110 ಡೆಸಿಬಲ್.

ಓಮ್ ನಿಯಮ, ಕಲಬುರಗಿ

ಹಾಗಾದರೆ ಲೆಕ್ಕ ಮಾಡೋಣ. ಪೆನ್ನು ಹಿಡಿದು ಜೊತೆಗೆ ಬನ್ನಿ, ಕಷ್ಟ ಇಲ್ಲ.

16 ಓಮಿಗೆ 1 ಮಿಲಿವ್ಯಾಟ್ ಕೊಡಲು ಸುಮಾರು 0.126 ವೋಲ್ಟ್ ಸಾಕು. ಅಷ್ಟಕ್ಕೇ 110 ಡೆಸಿಬಲ್ ಬರುತ್ತದೆ. 1 ವೋಲ್ಟ್ ಕೊಟ್ಟರೆ ಲೆಕ್ಕದಲ್ಲಿ 128 ಡೆಸಿಬಲ್. ಕಿವಿಗೆ ಹಾಕಿಕೊಂಡು ಯಾವತ್ತೂ ಪರೀಕ್ಷೆ ಮಾಡಬೇಡಿ, ಕಿವಿ ಹೋಗುತ್ತದೆ.

ನೀವು ರಾತ್ರಿ ಕೇಳುವುದು ಸುಮಾರು 75 ಡೆಸಿಬಲ್ ಇರಬಹುದು. 128ರಿಂದ 75ಕ್ಕೆ ಇಳಿಯಬೇಕೆಂದರೆ 53 ಡೆಸಿಬಲ್ ಕಡಿಮೆ. ಅಂದರೆ ಆಂಪ್ ಕೊಡುತ್ತಿರುವುದು ಬರೀ 2.2 ಮಿಲಿವೋಲ್ಟ್. ಅಳತೆ ಮಾಡಿದವರು ಕೊಟ್ಟದ್ದು 2 ವೋಲ್ಟ್. ಸುಮಾರು 900 ಪಟ್ಟು ವ್ಯತ್ಯಾಸ.

ಈಗ ಗದ್ದಲ. 2 ವೋಲ್ಟಿಗೆ 100 ಡೆಸಿಬಲ್ ಕೆಳಗೆ ಎಂದರೆ 20 ಮೈಕ್ರೋವೋಲ್ಟ್. ಅದರಲ್ಲಿ ಜಾಸ್ತಿ ಪಾಲು ಗದ್ದಲವೇ ಎಂದು ಹಿಡಿಯೋಣ. ನೀವು ವಾಲ್ಯೂಮ್ ಇಳಿಸಿದರೆ ಹಾಡು ಇಳಿಯುತ್ತದೆ. ಔಟ್‌ಪುಟ್ ಹಂತದ ಈ ಗದ್ದಲ ಇಳಿಯುವುದಿಲ್ಲ. 2.2 ಮಿಲಿವೋಲ್ಟ್ ಹಾಡಿಗೆ 20 ಮೈಕ್ರೋವೋಲ್ಟ್ ಗದ್ದಲ. ಡೆಸಿಬಲ್ ಲೆಕ್ಕದಲ್ಲಿ ಬರೀ 41.

ಡಾಲ್ಬಿ ಎಂಬ ಗದ್ದಲ ತಗ್ಗಿಸುವ ವ್ಯವಸ್ಥೆ ಇಲ್ಲದ ಸಾಮಾನ್ಯ ಕ್ಯಾಸೆಟ್ಟಿನದು 50ರ ಆಸುಪಾಸು ಇರುತ್ತದೆ. ನೀವು ಕೇಳುವ ಮಟ್ಟದಲ್ಲಿ ನಿಮ್ಮ ಆಂಪ್ ಕ್ಯಾಸೆಟ್ಟಿಗಿಂತ ಜಾಸ್ತಿ ಸುಯ್‌ಗುಡುತ್ತಿದೆ. 20 ಮೈಕ್ರೋವೋಲ್ಟ್ ಎಂದರೆ ನಿಮ್ಮ ಇಯರ್‌ಫೋನಿನಲ್ಲಿ 34 ಡೆಸಿಬಲ್ ಸದ್ದು. ಫ್ಯಾನ್ ಓಡುತ್ತಿದ್ದರೆ ಗೊತ್ತಾಗದೆ ಹೋಗಬಹುದು. ಕರೆಂಟ್ ಹೋದಾಗ ಚೆನ್ನಾಗಿ ಕೇಳಿಸುತ್ತದೆ.

ಅಳತೆ ಸುಳ್ಳಲ್ಲ. ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ ಅಷ್ಟೇ. ಕೆಲವು ವಿಮರ್ಶಕರು 50 ಮಿಲಿವೋಲ್ಟಿನಲ್ಲೂ ಅಳೆದು ಹಾಕುತ್ತಾರೆ. ಸೂಕ್ಷ್ಮ ಇಯರ್‌ಫೋನ್ ಇದ್ದವರು ನೋಡಬೇಕಾದ್ದು ಆ ಸಾಲು. ನಿಮ್ಮ ಆಂಪ್ ಅಲ್ಲಿ 68ರ ಹತ್ತಿರ ನಿಲ್ಲುತ್ತದೆ. ಗದ್ದಲ 2 ಮೈಕ್ರೋವೋಲ್ಟ್ ಇರುವ ಡಾಂಗಲ್ ಅದೇ ಜಾಗದಲ್ಲಿ 88 ತೋರಿಸುತ್ತದೆ. ಗೆಳೆಯನ ಡಾಂಗಲ್ ಅಂಥದ್ದೇ ಇರಬೇಕು.

ಭೀಮಾ ದಂಡೆ, ಯಾದಗಿರಿ

ನನ್ನ ಹತ್ತಿರ ಅದೇ ಥರದ ಆಂಪ್ ಇದೆ. ನಾನು ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುತ್ತೇನೆ. ದಿನಕ್ಕೆ ಮೂರು ತಾಸು ತಂಬೂರಿ ಕೇಳುತ್ತೇನೆ. ನನಗೆ ಸುಯ್ ಯಾವತ್ತೂ ಕೇಳಿಸಿಲ್ಲ. ನನ್ನದು ಸೆನ್‌ಹೈಸರ್ ಎಚ್‌ಡಿ 650. ನನ್ನ ಕಿವಿ ಮಂದವಾಯಿತಾ?

ಓಮ್ ನಿಯಮ, ಕಲಬುರಗಿ

ಇಲ್ಲ ಅಕ್ಕಾ. ನಿಮ್ಮದು 300 ಓಮ್, 1 ವೋಲ್ಟಿಗೆ 103 ಡೆಸಿಬಲ್. ಅದೇ 20 ಮೈಕ್ರೋವೋಲ್ಟ್ ನಿಮ್ಮ ಹೆಡ್‌ಫೋನಿನಲ್ಲಿ 9 ಡೆಸಿಬಲ್ ಆಗುತ್ತದೆ. ಮನೆಯ ಮೌನವೇ ಅದಕ್ಕಿಂತ ಜಾಸ್ತಿ ಸದ್ದು ಮಾಡುತ್ತದೆ. ನಿಮಗೆ ಬೇಕಾದದ್ದು ವೋಲ್ಟೇಜ್. ತಬಲಾದ ದೊಡ್ಡ ಪೆಟ್ಟು 110 ಡೆಸಿಬಲ್ ಮುಟ್ಟಬೇಕೆಂದರೆ 2.2 ವೋಲ್ಟ್ ಬೇಕು. ನಿಮಗೆ ಆ ಆಂಪ್ ಒಳ್ಳೆಯದು. ತೊಗರಿ ಹೊಲ ಅವರಿಗೆ ಕೆಟ್ಟದ್ದು. ಆಂಪ್ ಒಂದೇ.

ತೊಗರಿ ಹೊಲ, ಕಲಬುರಗಿ

ಲೆಕ್ಕ ಅರ್ಥವಾಯಿತು. ಆದರೆ ಒಂದು ಕಡೆ ತೊಡರುತ್ತದೆ. ಸುಯ್ ಆಂಪಿನದೇ ಆಗಿದ್ದರೆ ಪಾಸ್ ಒತ್ತಿದಾಗ ಏಕೆ ನಿಂತಿತು? ಆಂಪ್ ಆನ್ ಇತ್ತಲ್ಲ. ನಾನು ಹತ್ತು ಸಲ ನೋಡಿದ್ದೇನೆ. ಪಾಸ್ ಒತ್ತಿದರೆ ಬಾವಿಯಂಥ ಮೌನ.

ಬೆಸುಗೆ ಕಡ್ಡಿ, ಕಲಬುರಗಿ

ತಮ್ಮಾ, ನಾನು ಸೂಪರ್ ಮಾರ್ಕೆಟ್ ಹತ್ತಿರ ರೇಡಿಯೋ, ಟಿವಿ, ಆಂಪ್ ರಿಪೇರಿ ಮಾಡಿಕೊಂಡು 34 ವರ್ಷ ಆಯಿತು. ನೀನು ಬಿದ್ದ ಗುಂಡಿಯಲ್ಲಿ ನಾನೂ ಬಿದ್ದಿದ್ದೇನೆ.

ಪಾಸ್ ಒತ್ತಿದರೆ ಡ್ಯಾಕ್ ಚಿಪ್ಪಿಗೆ ಬರೀ ಸೊನ್ನೆ ಬರುತ್ತದೆ, ಇಲ್ಲವೇ ಯುಎಸ್‌ಬಿ ಹರಿವೇ ನಿಲ್ಲುತ್ತದೆ. ಎಷ್ಟೋ ಚಿಪ್ಪುಗಳು ಅದನ್ನು ಗುರುತಿಸಿ ತಾವೇ ಔಟ್‌ಪುಟ್ ಮುಚ್ಚಿಬಿಡುತ್ತವೆ. ಇದಕ್ಕೆ ಆಟೋ ಮ್ಯೂಟ್ ಎನ್ನುತ್ತಾರೆ. ಬಾಗಿಲು ಮುಚ್ಚಿದರೆ ಒಳಗಿನ ಗದ್ದಲ ಹೊರಗೆ ಬರುವುದಿಲ್ಲ. ಗದ್ದಲ ನಿಂತಿತು ಎಂದಲ್ಲ, ಬಾಗಿಲು ಮುಚ್ಚಿದೆ. ಹಾಡು ಶುರುವಾದ ಕೂಡಲೇ ಬಾಗಿಲು ತೆರೆಯುತ್ತದೆ, ಹಾಡಿನ ಜೊತೆ ಗದ್ದಲವೂ ಬರುತ್ತದೆ. ಕೇಳುವವನಿಗೆ ಅದು ಹಾಡಿನದ್ದೇ ಅನಿಸುತ್ತದೆ.

ಮೋಸ ಹೋಗುವುದು ಕಿವಿ ಮಾತ್ರ ಅಲ್ಲ, ಮೀಟರೂ ಹೋಗುತ್ತದೆ. ಡಬ್ಬಿಯ ಮೇಲೆ ಸಿಗ್ನಲ್ ಟು ನಾಯ್ಸ್ 120 ಡೆಸಿಬಲ್ ಎಂದು ಬರೆದಿರುತ್ತಾರೆ. ಸಿಗ್ನಲ್ ತೆಗೆದು ಗದ್ದಲ ಅಳೆದರೆ ಚಿಪ್ ಬಾಯಿ ಮುಚ್ಚಿರುತ್ತದೆ. ಅಂಕಿ ಚೆಂದ ಬರುತ್ತದೆ. ಅದಕ್ಕೇ ಎಇಎಸ್ 17 ಎಂಬ ಮಾನದಂಡದಲ್ಲಿ ಡೈನಾಮಿಕ್ ರೇಂಜ್ (ಅತಿ ಜೋರು ಸದ್ದಿಗೂ ಗದ್ದಲಕ್ಕೂ ನಡುವಿನ ಅಂತರ) ಅಳೆಯುವಾಗ ಪೂರ್ತಿ ಮಟ್ಟಕ್ಕಿಂತ 60 ಡೆಸಿಬಲ್ ಕೆಳಗಿನ ಸಣ್ಣ ಸ್ವರ ಒಂದನ್ನು ಓಡಿಸುತ್ತಲೇ ಇರಬೇಕು. ಚಿಪ್ ಎಚ್ಚರವಾಗಿರುತ್ತದೆ. ಆಮೇಲೆ ಆ ಸ್ವರವನ್ನು ಸೋಸಿ ಉಳಿದದ್ದನ್ನು ಅಳೆಯುತ್ತಾರೆ. ಡಬ್ಬಿಯ ಮೇಲೆ ಎರಡೂ ಅಂಕಿ ಇದ್ದರೆ ಡೈನಾಮಿಕ್ ರೇಂಜ್ ನೋಡು.

ನೀನೂ ಹಾಗೇ ಮಾಡು. ಆಡಾಸಿಟಿಯಲ್ಲಿ 30 ಹರ್ಟ್ಸ್ ಸ್ವರ ಒಂದು ನಿಮಿಷ ಮಾಡು, ಆಂಪ್ಲಿಟ್ಯೂಡ್ 0.0001. 24 ಬಿಟ್ಟಿನಲ್ಲಿ ಉಳಿಸು. ಅಷ್ಟು ಕೆಳಗಿನ ಸ್ವರ, ಅಷ್ಟು ಸಣ್ಣಗೆ, ಮನುಷ್ಯರಿಗೆ ಕೇಳಿಸುವುದಿಲ್ಲ. ಚಿಪ್ಪಿಗೆ ಮಾತ್ರ ಎಚ್ಚರ ಇರುತ್ತದೆ. ಲ್ಯಾಪ್‌ಟಾಪಿನ ವಾಲ್ಯೂಮ್ ಪೂರ್ತಿ ಇಡು, ಆಂಪಿನ ಗುಂಡಿಯನ್ನು ದಿನಾ ಇಡುವಲ್ಲೇ ಇಡು. ಆ ಫೈಲಿನಲ್ಲಿ ಕ್ಯಾಸೆಟ್ ಇಲ್ಲ. ಸುಯ್ ಕೇಳಿಸಿದರೆ ಅದು ಯಾರದ್ದು ಎಂದು ನೀನೇ ಹೇಳು.

ತೊಗರಿ ಹೊಲ, ಕಲಬುರಗಿ

ಕಾಕಾ, ನಿನ್ನೆ ರಾತ್ರಿ ಮಾಡಿದೆ.

ಒಂದೂವರೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಓಣಿಯೆಲ್ಲ ಸುಮ್ಮನಾಯಿತು. ಆಗ ನಿಮ್ಮ ಫೈಲ್ ಹಾಕಿದೆ.

ಸುಯ್ ಇದೆ. ನಾನು ಎರಡು ತಿಂಗಳಿಂದ ಅಜ್ಜನ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ಅದೇ ಸುಯ್. ಹಾಡಿಲ್ಲ, ಟೇಪಿಲ್ಲ, ಬರೀ ಅದು. ಗುಂಡಿ ಇಳಿಸಿದರೂ ಹಾಗೇ ಇದೆ. ಪಾಸ್ ಒತ್ತಿದೆ, ಅರ್ಧ ಸೆಕೆಂಡ್ ಬಿಟ್ಟು ಟಕ್ ಎಂದು ನಿಂತಿತು. ಆ ಅರ್ಧ ಸೆಕೆಂಡನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

ಆಮೇಲೆ ಗೆಳೆಯನ ಡಾಂಗಲ್ ಹಾಕಿ ಅದೇ ಫೈಲ್ ಕೇಳಿದೆ. ಏನೂ ಇಲ್ಲ. ಅದರಲ್ಲೇ ಮೂರನೇ ಕ್ಯಾಸೆಟ್ಟಿನ ಮೂಲ ಹಾಕಿದೆ. ಟೇಪಿನ ಸುಯ್ ಇದೆ, ಆದರೆ ಅದು ಬೇರೆ. ಮೆತ್ತಗಿದೆ. ಹಾಡಿನ ಕೆಳಗೆ ಚಾಪೆ ಹಾಸಿದ ಹಾಗೆ. ಅದನ್ನು ತೆಗೆಯಬೇಕೆಂದೇ ಅನಿಸಲಿಲ್ಲ. ನಾನು ಫಿಲ್ಟರನ್ನು 12ರಿಂದ 30ಕ್ಕೆ ಏರಿಸುತ್ತಾ ಹೋದದ್ದು ಆಂಪಿನ ಸದ್ದು ಹೋಗಲಿ ಎಂದು. ಅದು ಫೈಲಿನಲ್ಲೇ ಇರಲಿಲ್ಲ. ಎಲ್ಲಿಂದ ಹೋಗಬೇಕು? ಹೋದದ್ದು ಅಜ್ಜನ ಉಸಿರು.

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿ ಹೇಳಿದೆ. ತಪ್ಪಾಯಿತು ಎಂದೆ.

ರಾತ್ರಿ ಪಾಳಿ, ಕಲಬುರಗಿ

ಓದಿ ಕಣ್ಣು ತುಂಬಿತು. ನನ್ನದು ಸಣ್ಣ ಪ್ರಶ್ನೆ. ಫೋನಿನ ಜೊತೆ ಸಾಧಾರಣ ಇಯರ್‌ಫೋನ್ ಬಳಸುವವರಿಗೆ ಆಂಪ್ ಬೇಕಾ?

ಬೆಸುಗೆ ಕಡ್ಡಿ, ಕಲಬುರಗಿ

ಸದ್ದು ಸಾಕಷ್ಟು ಬರುತ್ತಿದೆಯಾ? ಸುಯ್ ಇಲ್ಲವಾ? ಹಾಗಾದರೆ ಬೇಡಮ್ಮಾ. ಆ ದುಡ್ಡಿಗೆ ಒಳ್ಳೆಯ ಇಯರ್‌ಫೋನ್ ತಗೋ. ಎರಡು ಇಯರ್‌ಫೋನಿನ ನಡುವೆ ಇರುವಷ್ಟು ವ್ಯತ್ಯಾಸ ಎರಡು ಸರಿಯಾದ ಆಂಪಿನ ನಡುವೆ ಇರುವುದಿಲ್ಲ.

ಕಿವಿಮಾತು, ಬೀದರ್

ಸುಯ್ ವಿಷಯ ಒಪ್ಪಿದೆ. ಗದ್ದಲ ಅಳೆಯಬಹುದು, ಸರಿ. ಆದರೆ ಸ್ವರದ ಗುಣ? ನನ್ನ ಹಳೆಯ ಆಂಪಿನಲ್ಲಿ ಗಾಯಕನ ದನಿಗೆ ಮೈ ಇದೆ. ಹೊಸ ಆಂಪಿನಲ್ಲಿ ಅದೇ ದನಿ ತೆಳ್ಳಗೆ. ಅಳತೆಯಲ್ಲಿ ಎರಡರ ಫ್ರೀಕ್ವೆನ್ಸಿ ಗೆರೆಯೂ ಅಡ್ಡ ಹಾಕಿದ ಕೋಲಿನ ಹಾಗೆ ನೇರ ಇದೆ. ನಾನು ಕೇಳುತ್ತಿರುವುದು ಸುಳ್ಳಾ? ಇದನ್ನು ನಾನು ಕಲ್ಪಿಸಿಕೊಂಡಿಲ್ಲ. ಹೆಂಡತಿಯೂ ಕೇಳಿ ಹೇಳಿದ್ದಾಳೆ.

ಓಮ್ ನಿಯಮ, ಕಲಬುರಗಿ

ಹಳೆಯ ಆಂಪಿನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಅದರ ಒಳಗಿನ ತಡೆ, ಎಷ್ಟು ಓಮ್ ಅಣ್ಣಾ? ನಿಮ್ಮದೂ ಆರ್ಮೇಚರ್ ಇಯರ್‌ಫೋನ್ ತಾನೇ?

ಕಿವಿಮಾತು, ಬೀದರ್

10 ಓಮ್. ಹೌದು, ನಾಲ್ಕು ಡ್ರೈವರಿನದು (ಡ್ರೈವರ್ ಅಂದರೆ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಭಾಗ).

ಓಮ್ ನಿಯಮ, ಕಲಬುರಗಿ

ಹಾಗಾದರೆ ನೀವು ಕೇಳುತ್ತಿರುವುದು ನಿಜ.

ಆ ನೇರ ಗೆರೆ ಎಳೆದದ್ದು ರೆಸಿಸ್ಟರ್ ಜೋಡಿಸಿ. ರೆಸಿಸ್ಟರಿನ ಓಮ್ ಎಲ್ಲ ಸ್ವರಕ್ಕೂ ಒಂದೇ. ಹಲವು ಡ್ರೈವರಿನ ಇಯರ್‌ಫೋನ್ ಹಾಗಲ್ಲ. ಒಂದು ಸ್ವರದಲ್ಲಿ 32 ಓಮ್ ಇದ್ದರೆ ಇನ್ನೊಂದರಲ್ಲಿ 8 ಓಮ್ ಇರಬಹುದು. ಆಂಪಿನ 10 ಓಮ್ ಒಳಗೇ ಕೂತು ವೋಲ್ಟೇಜಿನಲ್ಲಿ ಪಾಲು ಕೇಳುತ್ತದೆ. 32 ಓಮ್ ಇರುವಲ್ಲಿ 2.4 ಡೆಸಿಬಲ್ ಹೋಗುತ್ತದೆ. 8 ಓಮ್ ಇರುವಲ್ಲಿ 7 ಡೆಸಿಬಲ್ ಹೋಗುತ್ತದೆ. ನಡುವಿನ ಅಂತರ 4.7 ಡೆಸಿಬಲ್. ಇದು ಸಣ್ಣದಲ್ಲ. ಟ್ರೆಬಲ್ ಗುಂಡಿ ತಿರುಗಿಸಿದ ಹಾಗೆ. ಹೊಸ ಆಂಪ್ 1 ಓಮ್ ಇದ್ದರೆ ಅಂತರ 0.8ಕ್ಕೆ ಇಳಿಯುತ್ತದೆ. ನಿಮ್ಮ ಇಯರ್‌ಫೋನಿನ ಓಮ್ ಎತ್ತರದ ಸ್ವರಗಳಲ್ಲಿ ಇಳಿಯುತ್ತಿದ್ದರೆ, ಹಳೆಯ ಆಂಪ್ ಅಲ್ಲಿ ತಗ್ಗಿಸುತ್ತದೆ. ದನಿ ಮೈತುಂಬಿ ಕೇಳಿಸುತ್ತದೆ.

ಆಂಪಿನ ಓಮ್ ಹೆಡ್‌ಫೋನಿನ ಓಮಿನ ಎಂಟನೇ ಒಂದಕ್ಕಿಂತ ಕಡಿಮೆ ಇರಲಿ ಎಂಬ ಮಾತು ಇದಕ್ಕೇ ಹುಟ್ಟಿದ್ದು. ಎನ್‌ಡಬ್ಲ್ಯೂಎವಿಗೈ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬ ಎಂಜಿನಿಯರ್ ಈ ಮಾತನ್ನು ಬಹಳ ಪ್ರಚಾರ ಮಾಡಿದ. ಆತ 2011ರಲ್ಲಿ ಒ2 ಎಂಬ ಆಂಪಿನ ಸರ್ಕ್ಯೂಟನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ನಮ್ಮ ಕಾಕಾ ಅಂಥದ್ದೊಂದು ಕಟ್ಟಿದ್ದಾರೆ. ಮುಂದಿನ ವರ್ಷ ಆತ ಬರೆಯುವುದನ್ನೇ ನಿಲ್ಲಿಸಿ ಕಣ್ಮರೆಯಾದ, ಹೆಸರೂ ಹೇಳಲಿಲ್ಲ. ಎಲ್ಲರೂ ಹೀಗೆ ಯೋಚಿಸುತ್ತಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ, 1996ರ ಐಇಸಿ 61938 ಮಾನದಂಡ ಹೆಡ್‌ಫೋನ್ ಔಟ್‌ಪುಟ್ಟಿಗೆ 120 ಓಮ್ ಎಂದಿತ್ತು.

ಅಣ್ಣಾ, ಒಂದು ಹಳೆಯ ಘಟನೆ ನೆನಪಿಸುತ್ತೇನೆ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಆಂಪ್ ತಯಾರಕ ಸ್ಟೀರಿಯೋಫೈಲ್ ಪತ್ರಿಕೆಯವರಿಗೆ ಸವಾಲು ಹಾಕಿದ. ತನ್ನ ಅಗ್ಗದ ಆಂಪನ್ನು ಅವರು ಮೆಚ್ಚಿದ ದುಬಾರಿ ಆಂಪಿನ ಹಾಗೆ ಕೇಳಿಸುವಂತೆ ಮಾಡುತ್ತೇನೆ ಎಂದ. ಎರಡರ ಔಟ್‌ಪುಟ್ಟಿನ ವ್ಯತ್ಯಾಸವನ್ನೇ ಅಳೆದು, ಆ ವ್ಯತ್ಯಾಸ ಅಡಗುವವರೆಗೆ ತನ್ನದನ್ನು ತಿದ್ದಿದ. ಕೊನೆಗೆ ಅವರಿಗೆ ಬೇರೆ ಮಾಡಿ ಹೇಳಲಾಗಲಿಲ್ಲ. ಕಿವಿಗೆ ಬೀಳುವ ಗುಣ ವೋಲ್ಟೇಜಿನಲ್ಲೂ ಇರಲೇಬೇಕು. ಎಲ್ಲಿ ಹುಡುಕಬೇಕು ಎನ್ನುವುದೇ ಕೆಲಸ.

ಭಾನುವಾರ ಕಲಬುರಗಿಗೆ ಬನ್ನಿ. ಕಣ್ಣು ಮುಚ್ಚಿ ಕೇಳಿ ನೋಡೋಣ.

ಬೆಸುಗೆ ಕಡ್ಡಿ, ಕಲಬುರಗಿ

ನನ್ನ ಅಂಗಡಿಯ ಮೇಲಿನ ಕೋಣೆ ಖಾಲಿ ಇದೆ. ಭಾನುವಾರ ಮಾರ್ಕೆಟ್ ಗದ್ದಲ ಕಡಿಮೆ. ಊಟ ನಮ್ಮ ಮನೆಯಿಂದ ಬರುತ್ತದೆ, ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ.

ಕಿವಿಮಾತು, ಬೀದರ್

ಬರುತ್ತೇನೆ. 2017ರಲ್ಲಿ ರೈಲು ಮಾರ್ಗ ಶುರುವಾದ ಮೇಲೆ ಕಲಬುರಗಿ ಪಕ್ಕದ ಮನೆಯಾಗಿದೆ.

ಭೀಮಾ ದಂಡೆ, ಯಾದಗಿರಿ

ಭಾನುವಾರದ ವರದಿ ಬರೆಯಲು ನನಗೆ ಒಪ್ಪಿಸಿದ್ದಾರೆ. ನಾನು ಎಂಜಿನಿಯರ್ ಅಲ್ಲ, ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಮೊದಲ ಒಂದೂವರೆ ತಾಸು ಹಾಡೇ ಹಾಕಲಿಲ್ಲ. ಎರಡು ಆಂಪಿನ ಸದ್ದಿನ ಮಟ್ಟ ಒಂದೇ ಮಾಡುವುದರಲ್ಲೇ ಹೋಯಿತು. ಸ್ವಲ್ಪ ಜೋರಾಗಿರುವುದು ಜೋರು ಎಂದು ಕೇಳಿಸುವುದಿಲ್ಲ, ಚೆನ್ನಾಗಿದೆ ಎಂದು ಕೇಳಿಸುತ್ತದೆ ಎಂದರು ಓಮ್ ನಿಯಮ. ನನಗೆ ತಕ್ಷಣ ಹೊಳೆಯಿತು. ಪಾಠದಲ್ಲಿ ತಂಬೂರಿ ಸ್ವಲ್ಪ ಜೋರು ಮಾಡಿದರೆ ಮಕ್ಕಳು ಇವತ್ತು ಶ್ರುತಿ ಚೆನ್ನಾಗಿ ಕೂತಿದೆ ಎನ್ನುತ್ತಾರೆ.

ಮಲ್ಟಿಮೀಟರ್ ಹಿಡಿದು 0.1 ಡೆಸಿಬಲ್ ಒಳಗೆ ತರಬೇಕು. 500 ಮಿಲಿವೋಲ್ಟಿಗೆ 6 ಮಿಲಿವೋಲ್ಟ್ ಆಚೀಚೆ, ಅಷ್ಟೇ. ಅಗ್ಗದ ಮಲ್ಟಿಮೀಟರ್ ನಮ್ಮ ಮನೆ ಕರೆಂಟಿನ 50 ಹರ್ಟ್ಸಿಗೆ ಮಾಡಿದ್ದು, ಎತ್ತರದ ಸ್ವರದಲ್ಲಿ ತಪ್ಪು ತೋರಿಸುತ್ತದೆ ಎಂದು ಕಾಕಾ 100 ಹರ್ಟ್ಸ್ ಸ್ವರ ಹಾಕಿದರು. ಹೆಡ್‌ಫೋನ್ ಜೋಡಿಸಿಯೇ ಅಳೆಯಬೇಕು. ಇಯರ್‌ಫೋನಿನದು ಬೇರೆ ಕಷ್ಟ. 2 ಮಿಲಿವೋಲ್ಟನ್ನು ಆ ಮೀಟರ್ ಸರಿಯಾಗಿ ಓದುವುದಿಲ್ಲ. ಹಾಗಾಗಿ ಇಯರ್‌ಫೋನ್ ಮೇಜಿನ ಮೇಲಿಟ್ಟು 100 ಮಿಲಿವೋಲ್ಟಿಗೆ ಎರಡನ್ನೂ ಸರಿ ಮಾಡಿದರು. ಆಮೇಲೆ ಗುಂಡಿ ಮುಟ್ಟದೆ ಹಾಡಿನ ಫೈಲನ್ನೇ 30 ಡೆಸಿಬಲ್ ಇಳಿಸಿದರು. ಈ ಉಪಾಯ ನನಗೆ ಬಹಳ ಹಿಡಿಸಿತು.

ಕಾಕಾ ಚಾದರ ಕಟ್ಟಿ ಅದರ ಹಿಂದೆ ಕೂತರು. ನಾಣ್ಯ ಚಿಮ್ಮುವುದು, ಆಂಪ್ ಬದಲಿಸುವುದು. ಎ ಕೇಳು, ಬಿ ಕೇಳು, ಆಮೇಲೆ ಗುಟ್ಟಿನದನ್ನು ಕೇಳಿ ಎ ಅಥವಾ ಬಿ ಎಂದು ಹೇಳು. ಒಬ್ಬೊಬ್ಬರಿಗೆ 16 ಸರದಿ. ಸುಮ್ನೆ ಊಹೆ ಮಾಡಿದರೆ 12 ಅಥವಾ ಅದಕ್ಕಿಂತ ಜಾಸ್ತಿ ಸರಿಯಾಗುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ. ಹಾಗಾಗಿ 12 ಬಂದರೆ ಕೇಳಿಸಿದೆ ಎಂದು ಒಪ್ಪುವುದು ಎಂದು ಮೊದಲೇ ಮಾತಾಯಿತು.

ಮೊದಲು ನನ್ನ 300 ಓಮ್ ಹೆಡ್‌ಫೋನ್. ಒಂದು ಕಡೆ ಬೀದರಿನವರ ಹಳೆಯ 10 ಓಮ್ ಆಂಪ್, ಇನ್ನೊಂದು ಕಡೆ ಕಾಕಾ ಕಟ್ಟಿದ ಒ2. ಬೀದರಿನವರು ಎರಡನೇ ಸರದಿಯಲ್ಲೇ ವ್ಯತ್ಯಾಸ ಸ್ಪಷ್ಟ ಎಂದರು. ಬಂದದ್ದು 16ಕ್ಕೆ 9. ನನಗೆ 7. ಓಮ್ ನಿಯಮ ಅವರಿಗೆ 8. ನನಗಂತೂ ನಾಲ್ಕೈದು ಸಲ ಖಂಡಿತ ಎನಿಸಿತ್ತು, ಅದರಲ್ಲೂ ತಪ್ಪಿದ್ದೆ. ಆ ಖಂಡಿತ ಎನ್ನುವ ಭಾವನೆ ಅಷ್ಟು ಗಟ್ಟಿಯಾಗಿತ್ತು ಎನ್ನುವುದನ್ನು ನಾನು ಮರೆಯುವುದಿಲ್ಲ.

ಆಮೇಲೆ ಬೀದರಿನವರ ನಾಲ್ಕು ಡ್ರೈವರ್ ಇಯರ್‌ಫೋನ್, ಅದೇ ಎರಡು ಆಂಪ್. ಅವರಿಗೆ 16ಕ್ಕೆ 16. ನನಗೆ 15. ತಾಳದ ಹೊಳಪು ಒಂದರಲ್ಲಿ ಮಂಕು, ಇನ್ನೊಂದರಲ್ಲಿ ಎದ್ದು ನಿಲ್ಲುತ್ತದೆ. ಕಣ್ಣು ಮುಚ್ಚಿದರೇನು ತೆರೆದರೇನು. ಕೋಣೆಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಆಂಪ್ ಅವೇ. 300 ಓಮ್ ಹೆಡ್‌ಫೋನಿಗೆ 10 ಓಮ್ ಸೇರಿದರೆ ಆಗುವ ಬದಲಾವಣೆ 0.1 ಡೆಸಿಬಲ್ ಅಂತೆ. ಇಯರ್‌ಫೋನಿಗೆ ಹಲವು ಡೆಸಿಬಲ್.

ಊಟದ ನಂತರ ಓಮ್ ನಿಯಮ ಅವರ ದುಬಾರಿ ಡಾಂಗಲ್, ತೊಗರಿ ಹೊಲ ಅವರ ಗೆಳೆಯನ ಸಾಧಾರಣ ಡಾಂಗಲ್. ಅಳತೆಯಲ್ಲಿ ಸಿನ್ಯಾಡ್ 18 ಡೆಸಿಬಲ್ ವ್ಯತ್ಯಾಸ. ಯಾರಿಗೂ 10 ದಾಟಲಿಲ್ಲ. ಓಮ್ ನಿಯಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವೇ ಹೇಳಿದರು, ಒಂದು ಗಡಿ ದಾಟಿದ ಮೇಲೆ ಆ ಅಂಕಿಗೆ ದುಡ್ಡು ಕೊಟ್ಟದ್ದು ನನ್ನ ತಪ್ಪು ಎಂದು.

ಕಿವಿಮಾತು, ಬೀದರ್

ಅಕ್ಕ ಬರೆದದ್ದು ಎಲ್ಲ ನಿಜ. 9 ಬಂದಾಗ ಬೇಜಾರಾಯಿತು. ಆ ಹೆಡ್‌ಫೋನಿನಲ್ಲಿ ನಾನು ವರ್ಷಗಟ್ಟಲೆ ಕೇಳುತ್ತಿದ್ದ ವ್ಯತ್ಯಾಸ ಅಲ್ಲಿ ಇರಲಿಲ್ಲ. ಇಯರ್‌ಫೋನಿನಲ್ಲಿ ಇತ್ತು. ಎರಡನ್ನೂ ಒಪ್ಪುತ್ತೇನೆ. ಹಳೆಯ ಆಂಪನ್ನು ಬಿಡುವುದಿಲ್ಲ, ಆ ದನಿ ನನಗೆ ಇಷ್ಟ.

ಆದರೆ ಒಂದು ಮಾತು ಹೇಳಲೇಬೇಕು. ಪೋರ್ಟಬಲ್ ಆಂಪನ್ನು ಮೇಜಿನ ಮೇಲೆ, ತಣ್ಣನೆ ಕೋಣೆಯಲ್ಲಿ, ಫೋನ್ ಇಲ್ಲದೆ ಅಳೆಯುತ್ತಾರೆ. ನಾನು ಅದನ್ನು ಫೋನಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಬಸ್ಸಿನಲ್ಲಿ ಕೂರುತ್ತೇನೆ. ಹುಮನಾಬಾದ್ ದಾಟಿದ ಮೇಲೆ ಸಿಗ್ನಲ್ ಹೋಗಿ ಫೋನ್ 2ಜಿಗೆ ಇಳಿಯುತ್ತದೆ. ಕರೆ ಬರುವ ಮೊದಲೇ ಕಿವಿಯಲ್ಲಿ ಟಿರ್ರ್ ಟಿರ್ರ್ ಎಂದು ಶುರು. 2ಜಿ ಫೋನ್ ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ರೇಡಿಯೋ ಅಲೆ ಕಳಿಸುತ್ತದೆ, ತಗಡಿನ ರಕ್ಷಣೆ ಸರಿ ಇಲ್ಲದ ಆಂಪ್ ಅದನ್ನು ಹಿಡಿದು ಸದ್ದು ಮಾಡುತ್ತದೆ. ಇದನ್ನು ಅಳೆದ ಪಟ್ಟಿ ನನಗೆ ಒಂದೂ ಸಿಕ್ಕಿಲ್ಲ. ಅಳೆಯುವವರು ಇದನ್ನೂ ಅಳೆಯಲಿ. ಆಗ ನಾನು ಅಂಕಿ ನೋಡಿಯೇ ಕೊಳ್ಳುತ್ತೇನೆ.

ಓಮ್ ನಿಯಮ, ಕಲಬುರಗಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣಾ. ನೀವು ಹೇಳಿದ್ದು ಸರಿ.

ಬೆಸುಗೆ ಕಡ್ಡಿ, ಕಲಬುರಗಿ

ಇನ್ನೆರಡು ಸೇರಿಸುತ್ತೇನೆ. ನನ್ನ ಅಂಗಡಿಗೆ ಬರುವ ಆಂಪುಗಳಲ್ಲಿ ವಿಕೃತಿ ಜಾಸ್ತಿ ಎಂದು ಬಂದದ್ದು ಬಹಳ ಕಡಿಮೆ. ಬರುವುದು ವಾಲ್ಯೂಮ್ ಗುಂಡಿಯ ದೂರು. ಶುರುವಿನ ತಿರುವಿನಲ್ಲಿ ಎಡಗಡೆ ಜೋರು, ಬಲಗಡೆ ಮೆಲ್ಲಗೆ. ಒಳಗೆ ಎರಡು ಕಾರ್ಬನ್ ಪಟ್ಟಿ ಇರುತ್ತವೆ, ಕೆಳಮಟ್ಟದಲ್ಲಿ ಎರಡೂ ಒಂದೇ ಸಮ ಇರುವುದಿಲ್ಲ. ಸೂಕ್ಷ್ಮ ಇಯರ್‌ಫೋನಿನವರು ಗುಂಡಿಯನ್ನು ಅದೇ ಜಾಗದಲ್ಲಿ ಇಡುತ್ತಾರೆ. ಗಾಯಕ ನಡುವೆ ಕೂರದೆ ಒಂದು ಕಿವಿಗೆ ಸರಿಯುತ್ತಾನೆ.

ಎರಡನೆಯದು ಬೇಸಿಗೆ. ನಮ್ಮಲ್ಲಿ ಮೇ ತಿಂಗಳಲ್ಲಿ 43, 44 ಡಿಗ್ರಿ. ಬೈಕಿನ ಡಿಕ್ಕಿಯಲ್ಲಿ ಆಂಪ್ ಇಟ್ಟು ಹೋಗುತ್ತಾರೆ. ಸಂಜೆ ಬ್ಯಾಟರಿ ಉಬ್ಬಿ ಮುಚ್ಚಳ ಎತ್ತಿರುತ್ತದೆ. ಉಬ್ಬಿದ್ದನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ತಗೊಂಡು ಬನ್ನಿ.

ತೊಗರಿ ಹೊಲ, ಕಲಬುರಗಿ

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಆಂಪನ್ನು ಯಾದಗಿರಿ ಅಕ್ಕನ ಶಿಷ್ಯೆಯೊಬ್ಬಳಿಗೆ ಕೊಟ್ಟೆ, ಅವಳದ್ದೂ 300 ಓಮ್ ಹೆಡ್‌ಫೋನ್. ನಾನು ಸಾಧಾರಣ ಡಾಂಗಲ್ ಒಂದು ತಗೊಂಡೆ. ಕೊಳ್ಳುವ ಮೊದಲು 50 ಮಿಲಿವೋಲ್ಟಿನ ಸಾಲು ನೋಡಿದೆ, ಮನೆಗೆ ತಂದ ಮೇಲೆ ಕಾಕಾನ ಫೈಲ್ ಹಾಕಿ ಕೇಳಿದೆ. ಎರಡೂ ಒಂದೇ ಹೇಳಿದವು.

ಕೆಡಿಸಿದ 4 ಕ್ಯಾಸೆಟ್ಟಿನಲ್ಲಿ 3ರ ಮೂಲ ಫೈಲ್ ಉಳಿದಿದೆ. ಒಂದರ ಮೂಲದ ಮೇಲೆಯೇ ಉಳಿಸಿಬಿಟ್ಟಿದ್ದೇನೆ, ಎರಡನೇ ಕ್ಯಾಸೆಟ್. ಟೇಪ್ ಇದೆ, ಮತ್ತೆ ಓಡಿಸಬೇಕು. ಆದರೆ ಈ ಸಲ ಎತ್ತರದ ಸ್ವರ ಮಂಕಾಗಿ ಬರುತ್ತಿದೆ. ತಾಳ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಬೇರೆ ಕ್ಯಾಸೆಟ್ ಸರಿ ಇವೆ. ಅತ್ತೆ ಶುಕ್ರವಾರ ಬರುತ್ತಾರೆ. ಕಾಕಾ, ಏನು ಮಾಡಲಿ?

ಬೆಸುಗೆ ಕಡ್ಡಿ, ಕಲಬುರಗಿ

ಆ ಕ್ಯಾಸೆಟ್ ಬೇರೆ ಡೆಕ್ಕಿನಲ್ಲಿ ರೆಕಾರ್ಡ್ ಆಗಿರಬೇಕು. ಟೇಪ್ ಓದುವ ಹೆಡ್ಡಿನ ಓರೆ ಹೊಂದುತ್ತಿಲ್ಲ. ಹೆಡ್ ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆ, ಹಾಡು ಓಡುತ್ತಿರುವಾಗಲೇ ಕಾಲು ತಿರುವು ಆಚೀಚೆ ಮಾಡಿದರೆ ತಾಳ ತೆರೆದುಕೊಳ್ಳುತ್ತದೆ. ನೀನು ಮುಟ್ಟಬೇಡ. ನಾಳೆ 11ಕ್ಕೆ ಡೆಕ್, ಕ್ಯಾಸೆಟ್ ಎರಡೂ ತಗೊಂಡು ಬಾ. ಹೆಡ್ ಒರೆಸುವ ಐಸೋಪ್ರೊಪೈಲ್ ನನ್ನ ಹತ್ತಿರ ಇದೆ. ಕ್ಯಾಸೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಬೇಡ, ಬಿಸಿಲಿಗೂ ಇಡಬೇಡ. ಅತ್ತೆಯನ್ನೂ ಕರಕೊಂಡು ಬಾ. ಯಾವಾಗ ಸರಿಯಾಯಿತು ಎಂದು ಅವರೇ ಹೇಳಲಿ.